ಇಲ್ಲದ ಯಂತ್ರಾಂಶಕ್ಕೆ ಚಾಲಕ: ವರ್ಚುಯಲ್ ಗಣಕ ಮತ್ತು ಅದರ ಕರ್ನಲ್

ಒಂದು ಗಣಕದೊಳಗೆ ಇನ್ನೊಂದು ಗಣಕ ಇರಬಹುದೆ? ಇರಬಹುದು. ವಿಂಡೋಸ್ ನಡೆಯುತ್ತಿರುವ ಗಣಕದ ಪರದೆಯ ಒಂದು ಕಿಟಕಿಯೊಳಗೆ ಲಿನಕ್ಸ್ ನಡೆಯುತ್ತಿರುವುದನ್ನು ನೀವು ನೋಡಿರಬಹುದು. ಒಳಗಿನ ಆ ಲಿನಕ್ಸಿಗೆ ತನ್ನದೇ ಡಿಸ್ಕ್ ಇದೆ, ತನ್ನದೇ ಜಾಲ ಕಾರ್ಡ್ ಇದೆ, ತನ್ನದೇ ಗಡಿಯಾರವೂ ಇದೆ. ಆದರೆ ಗಣಕದ ಪೆಟ್ಟಿಗೆ ಬಿಚ್ಚಿ ನೋಡಿದರೆ ಅವು ಯಾವುವೂ ಕಾಣಸಿಗವು. ಡಿಸ್ಕ್ ಎಂದು ಅದು ನಂಬಿರುವುದು ಹೊರಗಿನ ಗಣಕದ ಒಂದು ದೊಡ್ಡ ಕಡತ. ಜಾಲ ಕಾರ್ಡ್ ಎಂದು ನಂಬಿರುವುದು ಒಂದು ತಂತ್ರಾಂಶದ ತುಣುಕು. ಇಂಥ ಗಣಕಕ್ಕೆ ವರ್ಚುಯಲ್ ಯಂತ್ರ ಎಂದು ಹೆಸರು. ಅದನ್ನು ಸೃಷ್ಟಿಸಿ ನಡೆಸುವ ತಂತ್ರಾಂಶವೇ ಹೈಪರ್‌ವೈಸರ್. ಹೊರಗಿನ ಗಣಕ ಆತಿಥೇಯ, ಒಳಗಿನದು ಅತಿಥಿ.

ಈಗ ಹೀಗೆ ಊಹಿಸಿಕೊಳ್ಳಿ. ನಿಮ್ಮ ಸಂಸ್ಥೆಯಲ್ಲಿ ಹತ್ತು ವರ್ಷಗಳಿಂದ ಓಡುತ್ತಿರುವ ಲಿನಕ್ಸ್ ಸರ್ವರ್ ಒಂದಿದೆ. ವಿದ್ಯಾರ್ಥಿಗಳ ಅಂಕಪಟ್ಟಿ, ಗ್ರಂಥಾಲಯದ ಲೆಕ್ಕ ಎಲ್ಲವೂ ಅದರಲ್ಲಿವೆ. ಯಂತ್ರ ಹಳತಾಗಿದೆ, ಬಿಡಿಭಾಗಗಳು ಸಿಗುತ್ತಿಲ್ಲ. ಅದರ ಡಿಸ್ಕನ್ನು ಹಾಗೆಯೇ ಒಂದು ಕಡತವಾಗಿ ನಕಲು ಮಾಡಿ ವರ್ಚುಯಲ್ ಯಂತ್ರವೊಂದಕ್ಕೆ ಕೊಡುತ್ತೀರಿ. ಕರ್ನಲ್ ಏಳುತ್ತದೆ, ಪರದೆಯ ಮೇಲೆ ಹಲವಾರು ಸಾಲುಗಳು ಹಾಯುತ್ತವೆ. ಆಮೇಲೆ ಮೂಲ ಕಡತ ವ್ಯವಸ್ಥೆ ಸಿಗಲಿಲ್ಲ ಎಂಬ ಸಂದೇಶದೊಂದಿಗೆ ಎಲ್ಲವೂ ನಿಂತುಹೋಗುತ್ತದೆ.

ಇಂಥ ವೇಳೆಯಲ್ಲಿ ಡಿಸ್ಕೇ ಕೆಟ್ಟಿದೆ ಎಂದು ತೀರ್ಮಾನಿಸಿ, ಅದೇ ಕಡತದ ಮೇಲೆ ಹೊಸದಾಗಿ ಕಾರ್ಯಾಚರಣ ವ್ಯವಸ್ಥೆಯನ್ನು ಸ್ಥಾಪಿಸಲು ಹೊರಡುವವರಿದ್ದಾರೆ. ಹಾಗೆ ಮಾಡಿದ ಮರುಕ್ಷಣ ವರ್ಷಗಳ ದತ್ತಾಂಶ ಅಳಿಸಿಹೋಗುತ್ತದೆ. ವಾಸ್ತವದಲ್ಲಿ ಡಿಸ್ಕಿಗೆ ಏನೂ ಆಗಿರುವುದಿಲ್ಲ. ಕರ್ನಲ್ಲಿನ ಬಳಿ ಸರಿಯಾದ ಚಾಲಕ ಇಲ್ಲ, ಅಷ್ಟೆ. ಹೀಗೇಕಾಗುತ್ತದೆ, ಅದನ್ನು ಸರಿಪಡಿಸುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ನೋಡೋಣ. ಒಂದು ಸೂಚನೆ: ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿರುವ ಆದೇಶ ಮತ್ತು ಚಾಲಕಗಳ ಹೆಸರುಗಳನ್ನು ಗಣಕಕ್ಕೆ ಕೊಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು.

ಚಾಲಕ ಮಾಡುವ ಕೆಲಸವೇನು?

ಕಾರ್ಯಾಚರಣ ವ್ಯವಸ್ಥೆಯ ತಿರುಳು ಭಾಗವೇ ಕರ್ನಲ್. ಸ್ಮೃತಿಯ ಹಂಚಿಕೆ, ಕಾರ್ಯಗಳ ಸರದಿ, ಕಡತಗಳ ನಿರ್ವಹಣೆ ಎಲ್ಲವೂ ಅದರ ಹೊಣೆ. ಆದರೆ ಪ್ರತಿಯೊಂದು ಕಂಪನಿಯ ಪ್ರತಿಯೊಂದು ಸಾಧನದ ಒಳಗುಟ್ಟು ಕರ್ನಲ್ಲಿಗೆ ಗೊತ್ತಿರಲು ಸಾಧ್ಯವಿಲ್ಲ. 'ಇಂಥ ಡಿಸ್ಕಿನ ಇಂಥ ಭಾಗವನ್ನು ಓದು' ಎಂಬ ಸಾಮಾನ್ಯ ಬೇಡಿಕೆಯನ್ನು ಆ ಸಾಧನಕ್ಕೆ ಅರ್ಥವಾಗುವ ಸಂಜ್ಞೆಗಳಾಗಿ ಬದಲಿಸಿ ಕೊಡುವ ದುಭಾಷಿಯೇ ಚಾಲಕ ತಂತ್ರಾಂಶ.

ಯಾವ ಸಾಧನಕ್ಕೆ ಯಾವ ಚಾಲಕ ಎಂಬುದು ತಿಳಿಯುವುದು ಹೇಗೆ? ಪಿಸಿಐ ಬಸ್ಸಿಗೆ ಸೇರಿದ ಪ್ರತಿ ಸಾಧನವೂ ಎರಡು ಗುರುತಿನ ಸಂಖ್ಯೆಗಳನ್ನು ಹೊತ್ತಿರುತ್ತದೆ. ಒಂದು ತಯಾರಕರದು, ಇನ್ನೊಂದು ಸಾಧನದ್ದು. ಕರ್ನಲ್ ಈ ಸಂಖ್ಯೆಗಳನ್ನು ಓದಿ, ತನ್ನ ಬಳಿ ಇರುವ ಚಾಲಕಗಳ ಪಟ್ಟಿಯೊಂದಿಗೆ ಹೋಲಿಸಿ, ಹೊಂದುವ ಚಾಲಕವನ್ನು ಕೆಲಸಕ್ಕೆ ಹಚ್ಚುತ್ತದೆ. ಹೊಂದುವ ಚಾಲಕ ಇಲ್ಲದಿದ್ದರೆ ಸಾಧನ ಇದ್ದೂ ಇಲ್ಲದಂತೆ. ವರ್ಚುಯಲ್ ಯಂತ್ರದಲ್ಲಿಯೂ ಇದೇ ನಿಯಮ. ಅತಿಥಿ ಕರ್ನಲ್ ಓದುವ ಆ ಗುರುತಿನ ಸಂಖ್ಯೆಗಳನ್ನು ಅಲ್ಲಿ ಹೈಪರ್‌ವೈಸರ್ ಒದಗಿಸುತ್ತದೆ ಎಂಬುದಷ್ಟೇ ವ್ಯತ್ಯಾಸ.

ತಡೆದು ನಟಿಸುವ ವಿದ್ಯೆ

ವರ್ಚುಯಲ್ ಯಂತ್ರದ ಕಲ್ಪನೆ ಹೊಸದೇನಲ್ಲ. ಐಬಿಎಂ ಕಂಪನಿ 1972ರಲ್ಲಿಯೇ ತನ್ನ ದೊಡ್ಡ ಗಣಕಗಳಿಗೆ ವಿಎಂ/370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಒಂದು ಸಂಸ್ಕಾರಕ ವರ್ಚುಯಲ್ ಯಂತ್ರಗಳನ್ನು ಸಮರ್ಪಕವಾಗಿ ನಡೆಸಬೇಕಾದರೆ ಯಾವ ಗುಣ ಇರಬೇಕು ಎಂಬುದನ್ನು 1974ರಲ್ಲಿ ಜೆರಾಲ್ಡ್ ಪೊಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಗಣಿತದ ಪ್ರಮೇಯದ ರೂಪದಲ್ಲಿ ನಿರೂಪಿಸಿದರು. ಯಂತ್ರದ ಸ್ಥಿತಿಯನ್ನು ಬದಲಿಸುವ ಅಥವಾ ಆ ಸ್ಥಿತಿಯನ್ನು ಬಯಲು ಮಾಡುವ ಪ್ರತಿ ಸೂಕ್ಷ್ಮ ಆಜ್ಞೆಯನ್ನೂ ಅತಿಥಿ ಪ್ರಯೋಗಿಸಿದೊಡನೆ ಸಂಸ್ಕಾರಕ ಅದನ್ನು ತಡೆದು ಹೈಪರ್‌ವೈಸರಿನ ವಶಕ್ಕೆ ಕೊಡುವಂತಿರಬೇಕು ಎಂಬುದು ಅದರ ಸಾರ. ಆಗ ಹೈಪರ್‌ವೈಸರ್ ಆ ಆಜ್ಞೆಯ ಪರಿಣಾಮವನ್ನು ನಟಿಸಿ ತೋರಿಸಿ, ಅತಿಥಿಯನ್ನು ಮುಂದುವರಿಯಲು ಬಿಡುತ್ತದೆ.

ನಮ್ಮ ಮೇಜಿನ ಮೇಲಿರುವ ಎಕ್ಸ್86 ಮಾದರಿಯ ಸಂಸ್ಕಾರಕಗಳಲ್ಲಿ ಬಹುಕಾಲ ಈ ಗುಣ ಇರಲಿಲ್ಲ. ಪೆಂಟಿಯಂ ಸಂಸ್ಕಾರಕದಲ್ಲಿ ಹೀಗೆ ತಡೆಗೆ ಸಿಕ್ಕದ ಸೂಕ್ಷ್ಮ ಆಜ್ಞೆಗಳು 17 ಇವೆ ಎಂದು 2000ದಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ತೋರಿಸಿತು. 1999ರಲ್ಲಿ ಬಂದ ವಿಎಂವೇರ್ ವರ್ಕ್‌ಸ್ಟೇಷನ್ ಅಂಥ ಆಜ್ಞೆಗಳನ್ನು ಓಟದ ನಡುವೆಯೇ ಬೇರೆ ಆಜ್ಞೆಗಳಾಗಿ ಅನುವಾದಿಸಿ ಈ ತೊಡಕನ್ನು ದಾಟಿತು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2003ರಲ್ಲಿ ಪ್ರಕಟವಾದ ಝೆನ್, ಅತಿಥಿ ಕರ್ನಲ್ಲನ್ನೇ ತಿದ್ದುವ ದಾರಿ ಹಿಡಿಯಿತು. 2005ರಲ್ಲಿ ಇಂಟೆಲ್, 2006ರಲ್ಲಿ ಎಎಂಡಿ ಕಂಪನಿಗಳು ಸಂಸ್ಕಾರಕದಲ್ಲಿಯೇ ಈ ಸೌಲಭ್ಯವನ್ನು ಅಳವಡಿಸಿದವು. ಅದನ್ನು ಬಳಸಿ ಲಿನಕ್ಸ್ ಕರ್ನಲ್ಲನ್ನೇ ಹೈಪರ್‌ವೈಸರ್ ಆಗಿಸುವ ಕೆವಿಎಂ, 2007ರ ಫೆಬ್ರವರಿಯಲ್ಲಿ ಬಂದ 2.6.20ನೆಯ ಕರ್ನಲ್ ಆವೃತ್ತಿಯಲ್ಲಿ ಸೇರಿತು. ಈ ಲೇಖನದ ಉದಾಹರಣೆಗಳು ಮುಖ್ಯವಾಗಿ ಕೆವಿಎಂಗೆ ಸೇರಿದವು.

ಅನುಕರಣೆಯ ಬೆಲೆ

ಸಂಸ್ಕಾರಕದ ಸಮಸ್ಯೆ ಹೀಗೆ ಬಗೆಹರಿಯಿತು. ಸಾಧನಗಳ ಕಥೆ ಏನು? ಎಲ್ಲಕ್ಕಿಂತ ಸರಳ ಉಪಾಯ ಅನುಕರಣೆ. ಕ್ಯೂಎಂಯು ಎಂಬ ತಂತ್ರಾಂಶ ರಿಯಲ್‌ಟೆಕ್ 8139 ಅಥವಾ ಇಂಟೆಲ್ ಇ1000 ಜಾಲ ಕಾರ್ಡುಗಳಂತೆ, ಹಳೆಯ ಐಡಿಇ ಡಿಸ್ಕ್ ನಿಯಂತ್ರಕದಂತೆ ನಟಿಸಬಲ್ಲದು. ಈ ಕಾರ್ಡುಗಳ ಚಾಲಕಗಳು ಬಹುತೇಕ ಎಲ್ಲ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಮೊದಲೇ ಇರುತ್ತವೆ. ಆದ್ದರಿಂದ ಅತಿಥಿಯಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ.

ಆದರೆ ಇದಕ್ಕೆ ತೆರಬೇಕಾದ ಬೆಲೆ ಇದೆ. ನಿಜವಾದ ಕಾರ್ಡಿನಲ್ಲಿ ಒಂದು ರಿಜಿಸ್ಟರಿಗೆ ಸಂಖ್ಯೆ ಬರೆಯುವುದು ಕ್ಷಣಾರ್ಧದ ಕೆಲಸ. ಅನುಕರಿಸಿದ ಕಾರ್ಡಿನಲ್ಲಾದರೋ ಅಂಥ ಪ್ರತಿ ಬರಹವೂ ತಡೆಗೆ ಸಿಕ್ಕುತ್ತದೆ. ಸಂಸ್ಕಾರಕ ಅತಿಥಿಯ ಸ್ಥಿತಿಯನ್ನೆಲ್ಲ ಎತ್ತಿಟ್ಟು, ಹೈಪರ್‌ವೈಸರಿಗೆ ಬಂದು, ಏನು ಬೇಡಿಕೆ ಎಂದು ವಿಚಾರಿಸಿ, ನಟಿಸಿ, ಮತ್ತೆ ಅತಿಥಿಗೆ ಮರಳಬೇಕು. ಇದಕ್ಕೆ 'ನಿರ್ಗಮನ' ಎನ್ನೋಣ. ಒಂದೊಂದು ನಿರ್ಗಮನಕ್ಕೂ ಸಂಸ್ಕಾರಕದ ಸಾವಿರಾರು ಗಡಿಯಾರ ಮಿಡಿತಗಳು ವ್ಯಯವಾಗುತ್ತವೆ. ರಿಯಲ್‌ಟೆಕ್ 8139 ಕಾರ್ಡಿನಲ್ಲಿ ಹೊರಹೋಗುವ ಪೊಟ್ಟಣಗಳನ್ನು ನಮೂದಿಸಲು ಇರುವುದು ಕೇವಲ 4 ಜಾಗ. ಹೀಗಾಗಿ ಸಂಚಾರ ಹೆಚ್ಚಾದಾಗ ನಿರ್ಗಮನಗಳು ಮೇಲಿಂದ ಮೇಲೆ ನಡೆದು ವೇಗ ಕುಸಿಯುತ್ತದೆ.

ಅಡುಗೆಗೆ ಕುಳಿತವರು ಸಾಸಿವೆಗೊಮ್ಮೆ, ಉಪ್ಪಿಗೊಮ್ಮೆ, ಬೆಲ್ಲಕ್ಕೊಮ್ಮೆ ಅಂಗಡಿಗೆ ಓಡಿದರೆ ಅಡುಗೆ ಮುಗಿಯುವುದು ಯಾವಾಗ? ಬೇಕಾದ ದಿನಸಿಯನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಒಂದೇ ಸಲಕ್ಕೆ ಕೆಲಸವಾಗುತ್ತದೆ. ಸಾಧನಗಳ ವಿಷಯದಲ್ಲಿ ಈ ಚೀಟಿಯ ಪದ್ಧತಿಯನ್ನು ತಂದದ್ದೇ ವರ್ಟ್‌ಐಓ.

ವರ್ಟ್‌ಐಓ ಎಂಬ ಒಪ್ಪಂದ

ಅತಿಥಿಗೆ ತಾನು ವರ್ಚುಯಲ್ ಯಂತ್ರದಲ್ಲಿದ್ದೇನೆ ಎಂಬುದು ಗೊತ್ತಿದ್ದರೆ, ಇಲ್ಲದ ಕಾರ್ಡಿನ ರಿಜಿಸ್ಟರುಗಳೊಂದಿಗೆ ನಾಟಕವಾಡುವ ಬದಲು ಹೈಪರ್‌ವೈಸರಿನೊಂದಿಗೆ ನೇರವಾಗಿ ಮಾತಾಡಬಹುದಲ್ಲವೆ? ವಿಎಂ/370ರ ಕಾಲದಲ್ಲಿಯೇ ಸಿಎಂಎಸ್ ಎಂಬ ಅತಿಥಿ ವ್ಯವಸ್ಥೆ 'ಡಯಾಗ್ನೋಸ್' ಎಂಬ ಆಜ್ಞೆಯ ಮೂಲಕ ಹೀಗೆ ಮಾತಾಡುತ್ತಿತ್ತು. ಲಿನಕ್ಸಿನಲ್ಲಿ ಇದಕ್ಕೊಂದು ಏಕರೂಪದ ವಿಧಾನವನ್ನು ರಸ್ಟಿ ರಸೆಲ್ ರೂಪಿಸಿದರು. 2008ರ ಜನವರಿಯಲ್ಲಿ ಬಂದ 2.6.24ನೆಯ ಆವೃತ್ತಿಯಲ್ಲಿ ವರ್ಟ್‌ಐಓ ಡಿಸ್ಕ್ ಮತ್ತು ಜಾಲ ಚಾಲಕಗಳು ಸೇರಿದವು. ಅವನ್ನು ಪಿಸಿಐ ಬಸ್ಸಿನ ಮೂಲಕ ಗುರುತಿಸುವ ಚಾಲಕ 2.6.25ರಲ್ಲಿ ಬಂದಿತು. ಅನಂತರ ಇದು ಓಯಸಿಸ್ ಎಂಬ ಮಾನಕ ಸಂಸ್ಥೆಯ ಕೈಗೆ ಹೋಗಿ, 2016ರಲ್ಲಿ ವರ್ಟ್‌ಐಓ 1.0 ಅಧಿಕೃತ ಮಾನಕವಾಯಿತು.

ಇದರ ಹೃದಯವೆಂದರೆ ಅತಿಥಿ ಮತ್ತು ಹೈಪರ್‌ವೈಸರ್ ಇಬ್ಬರಿಗೂ ಕಾಣುವ ಸ್ಮೃತಿಯಲ್ಲಿರುವ ಒಂದು ಸರದಿ. ಅದರಲ್ಲಿ ಮೂರು ಭಾಗಗಳಿವೆ.

ಮೊದಲನೆಯದು ವಿವರಗಳ ಕೋಷ್ಟಕ. ಒಂದೊಂದು ನಮೂದು 16 ಬೈಟ್. 8 ಬೈಟ್‌ಗಳಲ್ಲಿ ದತ್ತಾಂಶ ಇರುವ ವಿಳಾಸ, 4 ಬೈಟ್‌ಗಳಲ್ಲಿ ಅದರ ಉದ್ದ, 2 ಬೈಟ್‌ಗಳಲ್ಲಿ ಓದಲೋ ಬರೆಯಲೋ ಎಂಬಂಥ ಗುರುತು, ಉಳಿದ 2 ಬೈಟ್‌ಗಳಲ್ಲಿ ಇದಕ್ಕೆ ಜೋಡಿಸಿದ ಮುಂದಿನ ನಮೂದಿನ ಸಂಖ್ಯೆ. ಎರಡನೆಯದು 'ಸಿದ್ಧ' ವರ್ತುಲ. ಈ ಬೇಡಿಕೆಗಳು ತಯಾರಿವೆ ಎಂದು ಅತಿಥಿ ಇಲ್ಲಿ ಗುರುತು ಹಾಕುತ್ತದೆ. ಮೂರನೆಯದು 'ಮುಗಿದ' ವರ್ತುಲ. ಪೂರೈಸಿದ ಬೇಡಿಕೆಗಳನ್ನು ಹೈಪರ್‌ವೈಸರ್ ಇಲ್ಲಿ ನಮೂದಿಸುತ್ತದೆ.

ಅತಿಥಿ ಹಲವು ಬೇಡಿಕೆಗಳನ್ನು ಬರೆದಿಟ್ಟು ಒಮ್ಮೆ ಮಾತ್ರ ಬಾಗಿಲು ತಟ್ಟುತ್ತದೆ. ಅದೊಂದೇ ನಿರ್ಗಮನ. ಹೈಪರ್‌ವೈಸರ್ ಆಗಲೇ ಸರದಿಯನ್ನು ನೋಡುತ್ತಿದ್ದರೆ 'ತಟ್ಟಬೇಡ' ಎಂದು ಮೊದಲೇ ತಿಳಿಸಲೂ ಅವಕಾಶವಿದೆ. ದತ್ತಾಂಶವನ್ನು ರಿಜಿಸ್ಟರುಗಳ ಮೂಲಕ ತುಣುಕು ತುಣುಕಾಗಿ ಸಾಗಿಸಬೇಕಾಗಿಲ್ಲ. ಅದು ಎಲ್ಲಿದೆ ಎಂಬ ವಿಳಾಸವನ್ನಷ್ಟೇ ತಿಳಿಸಿದರೆ ಸಾಕು.

ಲಾಭ ಸ್ಪಷ್ಟ. ಆದರೆ ಒಂದು ಹೊಣೆಯೂ ಬಂತು. ವರ್ಟ್‌ಐಓ ಸಾಧನಕ್ಕೆ ಅದರದೇ ಚಾಲಕ ಬೇಕು. ನಿಜವಾದ ಯಂತ್ರದಲ್ಲಿ ಹುಟ್ಟಿ ಬೆಳೆದ ಹಳೆಯ ಸರ್ವರಿನ ಕರ್ನಲ್ಲಿಗೆ ಆ ಚಾಲಕದ ಅಗತ್ಯವೇ ಬಿದ್ದಿರಲಿಲ್ಲ. ಸಮಸ್ಯೆಯ ಬೇರು ಇಲ್ಲಿದೆ.

ಹೈಪರ್‌ವೈಸರಿಗೆ ತಕ್ಕ ಚಾಲಕ

ಎಲ್ಲ ಹೈಪರ್‌ವೈಸರುಗಳೂ ಇದೇ ಒಪ್ಪಂದವನ್ನು ಬಳಸುವುದಿಲ್ಲ. ಕೆವಿಎಂನಲ್ಲಿ ವರ್ಟ್‌ಐಓ-ಪಿಸಿಐ, ವರ್ಟ್‌ಐಓ-ಬ್ಲಾಕ್ ಅಥವಾ ವರ್ಟ್‌ಐಓ-ಸ್ಕಸಿ, ವರ್ಟ್‌ಐಓ-ನೆಟ್ ಚಾಲಕಗಳು ಬೇಕು. ವಿಎಂವೇರ್‌ನಲ್ಲಿ ಡಿಸ್ಕಿಗೆ ಪಿವಿಸ್ಕಸಿ, ಜಾಲಕ್ಕೆ ವಿಎಂಎಕ್ಸ್‌ನೆಟ್3. ಮೈಕ್ರೋಸಾಫ್ಟಿನ ಹೈಪರ್-ವಿಯಲ್ಲಿ ಮೊದಲು ವಿಎಂಬಸ್ ಚಾಲಕ, ಅದರ ಮೇಲೆ ಸ್ಟಾರ್‌ವಿಎಸ್‌ಸಿ ಮತ್ತು ನೆಟ್‌ವಿಎಸ್‌ಸಿ. ಲಿನಕ್ಸಿಗಾಗಿ ಈ ಹೈಪರ್-ವಿ ಚಾಲಕಗಳ ಆಕರ ಸಂಕೇತವನ್ನು 2009ರ ಜುಲೈಯಲ್ಲಿ ಮೈಕ್ರೋಸಾಫ್ಟ್ ಸ್ವತಃ ಮುಕ್ತ ಪರವಾನಗಿಯಡಿ ಕೊಟ್ಟದ್ದು ಆ ದಿನಗಳ ದೊಡ್ಡ ಸುದ್ದಿ. ಝೆನ್‌ನಲ್ಲಿ ಬ್ಲಾಕ್-ಫ್ರಂಟ್ ಮತ್ತು ನೆಟ್-ಫ್ರಂಟ್ ಚಾಲಕಗಳಿವೆ.

ಡಿಸ್ಕಿನ ಹೆಸರೂ ಚಾಲಕಕ್ಕೆ ತಕ್ಕಂತೆ ಬದಲಾಗುತ್ತದೆ. ಸಾಟಾ ಅಥವಾ ಸ್ಕಸಿ ಡಿಸ್ಕ್ 'ಎಸ್‌ಡಿಎ' ಆದರೆ, ವರ್ಟ್‌ಐಓ-ಬ್ಲಾಕ್ ಡಿಸ್ಕ್ 'ವಿಡಿಎ', ಝೆನ್ ಡಿಸ್ಕ್ 'ಎಕ್ಸ್‌ವಿಡಿಎ'. ಈ ಪುಟ್ಟ ವ್ಯತ್ಯಾಸವೂ ಮುಂದೆ ತೊಂದರೆ ಕೊಡಬಲ್ಲದು.

ದೊಡ್ಡ ಪ್ರಮಾಣದಲ್ಲಿಯೂ ಇದೇ ಪ್ರಶ್ನೆ ಎದುರಾಗಿದೆ. ಅಮೆಜಾನ್ ತನ್ನ ಕ್ಲೌಡ್ ಸೇವೆಯಲ್ಲಿ ಝೆನ್ ಬದಲು 2017ರಲ್ಲಿ ನೈಟ್ರೋ ಎಂಬ ಹೊಸ ವ್ಯವಸ್ಥೆಯ ಯಂತ್ರಗಳನ್ನು ಒದಗಿಸತೊಡಗಿತು. ಅವುಗಳಲ್ಲಿ ಡಿಸ್ಕ್ ಎನ್‌ವಿಎಂಇ ಸಾಧನವಾಗಿ, ಜಾಲ ಕಾರ್ಡ್ ಇಎನ್‌ಎ ಎಂಬ ಸಾಧನವಾಗಿ ಕಾಣುತ್ತವೆ. ಈ ಎರಡು ಚಾಲಕಗಳಿಲ್ಲದ ಹಳೆಯ ಯಂತ್ರದ ಪ್ರತಿಯನ್ನು ಅಲ್ಲಿಗೆ ಒಯ್ದರೆ ಅದು ಏಳುವುದಿಲ್ಲ, ಎದ್ದರೂ ಜಾಲಕ್ಕೆ ಸಿಗುವುದಿಲ್ಲ. ಕ್ಲೌಡ್ ಯಂತ್ರಕ್ಕೂ ನಿಮ್ಮ ಪ್ರಯೋಗಾಲಯದ ಯಂತ್ರಕ್ಕೂ ಪಾಠ ಒಂದೇ: ಮನೆ ಬದಲಿಸುವ ಮೊದಲು ಚಾಲಕವನ್ನು ಸಿದ್ಧಪಡಿಸಿಕೊಳ್ಳಬೇಕು.

ಪೆಟ್ಟಿಗೆಯೊಳಗೆ ಉಳಿದ ಬೀಗದಕೈ

ಲಿನಕ್ಸ್ ಕರ್ನಲ್ಲನ್ನು ಕಟ್ಟುವಾಗ ಪ್ರತಿ ಚಾಲಕದ ಮುಂದೆ ಸಾಮಾನ್ಯವಾಗಿ ಮೂರು ಆಯ್ಕೆಗಳಿರುತ್ತವೆ. 'ವೈ' ಎಂದರೆ ಚಾಲಕ ಕರ್ನಲ್ಲಿನ ಒಳಗೇ ಬೆಸೆದಿರುತ್ತದೆ. 'ಎಂ' ಎಂದರೆ ಅದು ಪ್ರತ್ಯೇಕ ಮಾಡ್ಯೂಲ್ ಆಗಿ ಡಿಸ್ಕಿನಲ್ಲಿದ್ದು, ಬೇಕಾದಾಗ ಸೇರಿಕೊಳ್ಳುತ್ತದೆ. 'ಎನ್' ಎಂದರೆ ಅದು ಬೇಡ. ಸಾವಿರಾರು ಬಗೆಯ ಯಂತ್ರಗಳಲ್ಲಿ ಓಡಬೇಕಾದ್ದರಿಂದ ಲಿನಕ್ಸ್ ವಿತರಣೆಗಳು ಹೆಚ್ಚಿನ ಚಾಲಕಗಳನ್ನು 'ಎಂ' ಆಗಿಯೇ ಇಡುತ್ತವೆ.

ಇಲ್ಲೊಂದು ಸೋಜಿಗವಿದೆ. ಡಿಸ್ಕನ್ನು ಓದಲು ಡಿಸ್ಕಿನ ಚಾಲಕ ಬೇಕು. ಆದರೆ ಆ ಚಾಲಕ ಇರುವುದೇ ಡಿಸ್ಕಿನಲ್ಲಿ! ಬೀಗ ಹಾಕಿದ ಪೆಟ್ಟಿಗೆಯ ಬೀಗದಕೈ ಪೆಟ್ಟಿಗೆಯೊಳಗೇ ಉಳಿದಂತೆ. ಇದಕ್ಕೆ ಪರಿಹಾರ ಇನಿಟ್‌ರ್‍ಯಾಮ್‌ಎಫ್‌ಎಸ್ ಎಂಬ ಪುಟ್ಟ ಕಡತ ಸಂಗ್ರಹ. ಪ್ರಯಾಣಕ್ಕೆ ಹೊರಟವರಿಗೆ ಕಟ್ಟಿಕೊಡುವ ಬುತ್ತಿಯಂತೆ, ಕರ್ನಲ್ ಏಳುವಾಗಲೇ ಅದರ ಕೈಗೆ ಕೊಡುವ ಅಗತ್ಯ ಚಾಲಕಗಳ ಗಂಟು ಇದು. ಇದನ್ನು 'ಬುತ್ತಿ' ಎಂದೇ ಕರೆಯೋಣ.

ಕರ್ನಲ್ಲಿನ ಕಡತ ಮತ್ತು ಬುತ್ತಿ ಎರಡನ್ನೂ ಡಿಸ್ಕಿನಿಂದ ಸ್ಮೃತಿಗೆ ತರುವುದು ಬೂಟ್ ಲೋಡರ್. ಅದು ಯಂತ್ರದ ಫರ್ಮ್‌ವೇರ್‌ನ, ಅಂದರೆ ಬಯೋಸ್ ಅಥವಾ ಯುಇಎಫ್‌ಐನ, ನೆರವಿನಿಂದ ಡಿಸ್ಕನ್ನು ಓದುತ್ತದೆ. ವರ್ಚುಯಲ್ ಯಂತ್ರದ ಫರ್ಮ್‌ವೇರ್‌ಗೆ ವರ್ಟ್‌ಐಓ ಡಿಸ್ಕ್ ಗೊತ್ತು. ಹಾಗಾಗಿ ಕರ್ನಲ್ ನಿರಾತಂಕವಾಗಿ ಏಳುತ್ತದೆ. ಎದ್ದ ಮೇಲೆ ಅದು ತನ್ನದೇ ಚಾಲಕದಿಂದ ಡಿಸ್ಕನ್ನು ಓದಬೇಕು. ಬುತ್ತಿಯಲ್ಲಿ ಆ ಚಾಲಕ ಇಲ್ಲದಿದ್ದರೆ ಅಲ್ಲಿಗೆ ದಾರಿ ಮುಗಿಯಿತು. 'ಡಿಸ್ಕಿನಿಂದಲೇ ಎದ್ದ ಕರ್ನಲ್ಲಿಗೆ ಡಿಸ್ಕ್ ಕಾಣುತ್ತಿಲ್ಲವೇಕೆ?' ಎಂಬ ಒಗಟಿಗೆ ಉತ್ತರ ಇದು.

ಬುತ್ತಿಯಲ್ಲಿ ಚಾಲಕ ಇರುವುದಿಲ್ಲವೇಕೆ? ಬುತ್ತಿಯನ್ನು ಕಟ್ಟುವ ತಂತ್ರಾಂಶಗಳಲ್ಲಿ ಎರಡು ಬಗೆಯ ಧೋರಣೆಗಳಿವೆ. ಎಲ್ಲ ಬಗೆಯ ಯಂತ್ರಗಳಿಗೂ ಆಗುವಷ್ಟು ಚಾಲಕಗಳನ್ನು ತುಂಬುವುದು ಒಂದು. ಈ ಯಂತ್ರಕ್ಕೆ ಬೇಕಾದುದನ್ನು ಮಾತ್ರ ತುಂಬಿ ಬುತ್ತಿಯನ್ನು ಹಗುರವಾಗಿಸುವುದು ಇನ್ನೊಂದು. ಎರಡನೆಯ ಧೋರಣೆಯಿಂದ ಕಟ್ಟಿದ ಬುತ್ತಿ ಹಳೆಯ ಯಂತ್ರದಲ್ಲಿ ಸೊಗಸಾಗಿ ಕೆಲಸ ಮಾಡಿ, ಹೊಸ ಯಂತ್ರದಲ್ಲಿ ಕೈಕೊಡುತ್ತದೆ.

ತಪ್ಪಿನ ಚಿಹ್ನೆಗಳು ಎರಡು ಬಗೆ. ಬುತ್ತಿ ಇದ್ದು ಅದರಲ್ಲಿ ಚಾಲಕ ಇಲ್ಲದಿದ್ದರೆ, ಸ್ವಲ್ಪ ಹೊತ್ತು ಕಾದು, ಮೂಲ ಡಿಸ್ಕ್ ಕಾಣಲಿಲ್ಲ ಎಂದು ತಿಳಿಸಿ, ತುರ್ತು ಆದೇಶ ಸಾಲಿಗೆ ಬಂದು ನಿಲ್ಲುತ್ತದೆ. ಬುತ್ತಿಯೇ ಇಲ್ಲದೆ ಚಾಲಕವೂ ಕರ್ನಲ್ಲಿನೊಳಗೆ ಇಲ್ಲದಿದ್ದರೆ 'ಕರ್ನಲ್ ಪ್ಯಾನಿಕ್' ಎಂದು ನಿಲ್ಲುತ್ತದೆ. ಆ ಸಂದೇಶದ ಕೊನೆಯಲ್ಲಿ ಅನೇಕ ವೇಳೆ 'ಅನ್‌ನೋನ್-ಬ್ಲಾಕ್ (0,0)' ಎಂದಿರುತ್ತದೆ. ಡಿಸ್ಕಿಗೆ ಸಿಗಬೇಕಾದ ಸಾಧನ ಸಂಖ್ಯೆಗಳ ಜಾಗದಲ್ಲಿ ಎರಡು ಸೊನ್ನೆಗಳಿವೆ ಎಂದರೆ ಕರ್ನಲ್ಲಿಗೆ ಡಿಸ್ಕಿನ ಗುರುತೇ ಹತ್ತಿಲ್ಲ ಎಂದರ್ಥ. ಡಿಸ್ಕ್ ಹಾಳಾಗಿದೆ ಎಂದಲ್ಲ.

ಹಳೆಯ ಡಿಸ್ಕನ್ನು ಎಬ್ಬಿಸುವ ಕ್ರಮ

1. ಮೊದಲು ಡಿಸ್ಕ್ ಕಡತದ ಇನ್ನೊಂದು ನಕಲು ಮಾಡಿ ಬೇರೆಡೆ ಇಡಿ. ಪ್ರಯೋಗವೆಲ್ಲ ನಕಲಿನ ಮೇಲೆಯೇ ನಡೆಯಲಿ. ಹಳೆಯ ಯಂತ್ರದ ಡಿಸ್ಕನ್ನು ಕೆಲಸ ಪೂರ್ತಿ ಮುಗಿಯುವವರೆಗೆ ಮುಟ್ಟಬೇಡಿ.

2. ವರ್ಚುಯಲ್ ಯಂತ್ರದ ವಿನ್ಯಾಸದಲ್ಲಿ ಡಿಸ್ಕಿನ ಬಗೆಯನ್ನು ವರ್ಟ್‌ಐಓ ಬದಲು ಸಾಟಾ ಅಥವಾ ಐಡಿಇ ಎಂದು ಬದಲಿಸಿ. ಹಳೆಯ ಯಂತ್ರದಲ್ಲಿ ಯಾವುದಿತ್ತೋ ಅದನ್ನೇ ಮೊದಲು ಆರಿಸಿ ನೋಡಿ. ಆ ಚಾಲಕ ಬುತ್ತಿಯಲ್ಲಿರುವ ಸಂಭವ ಹೆಚ್ಚು. ಈಗ ಅತಿಥಿ ನಿಧಾನವಾಗಿಯಾದರೂ ಏಳಬೇಕು. ಏಳದಿದ್ದರೆ ಬೂಟ್ ಪಟ್ಟಿಯಲ್ಲಿ 'ರೆಸ್ಕ್ಯೂ' ಎಂಬ ಆಯ್ಕೆ ಇದೆಯೇ ನೋಡಿ. ಅದರ ಬುತ್ತಿಯಲ್ಲಿ ಎಲ್ಲ ಬಗೆಯ ಚಾಲಕಗಳೂ ಇರುತ್ತವೆ.

3. ಎದ್ದ ಮೇಲೆ ಬುತ್ತಿಯನ್ನು ಹೊಸದಾಗಿ ಕಟ್ಟಿ. ಡೆಬಿಯನ್, ಉಬುಂಟು ಬಳಗದಲ್ಲಿ ಇನಿಟ್‌ರ್‍ಯಾಮ್‌ಎಫ್‌ಎಸ್-ಟೂಲ್ಸ್ ಬಳಸುತ್ತಿದ್ದರೆ ಅದರ ಮಾಡ್ಯೂಲ್ಸ್ ಕಡತದಲ್ಲಿ ವರ್ಟ್‌ಐಓ-ಪಿಸಿಐ ಮತ್ತು ವರ್ಟ್‌ಐಓ-ಬ್ಲಾಕ್ ಹೆಸರುಗಳನ್ನು ಸೇರಿಸಿ ಅಪ್‌ಡೇಟ್-ಇನಿಟ್‌ರ್‍ಯಾಮ್‌ಎಫ್‌ಎಸ್ ಆದೇಶ ಕೊಡಿ. ರೆಡ್‌ಹ್ಯಾಟ್, ಫೆಡೋರಾ ಬಳಗದಲ್ಲಿ ಡ್ರಾಕಟ್ ಆದೇಶಕ್ಕೆ 'ಆಡ್-ಡ್ರೈವರ್ಸ್' ಎಂಬ ಆಯ್ಕೆಯೊಂದಿಗೆ ಇದೇ ಹೆಸರುಗಳನ್ನು ಕೊಡಿ. ಎರಡೂ ಚಾಲಕಗಳು ಬೇಕೆಂಬುದನ್ನು ಮರೆಯದಿರಿ. ಪಿಸಿಐ ಚಾಲಕ ಸಾಧನವನ್ನು ಪತ್ತೆ ಮಾಡುತ್ತದೆ, ಬ್ಲಾಕ್ ಚಾಲಕ ಅದನ್ನು ಡಿಸ್ಕಾಗಿ ಬಳಸುತ್ತದೆ.

4. ಬುತ್ತಿಯಲ್ಲಿ ಚಾಲಕ ನಿಜವಾಗಿ ಸೇರಿದೆಯೇ ಎಂದು ಎಲ್‌ಎಸ್‌ಇನಿಟ್‌ರ್‍ಯಾಮ್‌ಎಫ್‌ಎಸ್ ಅಥವಾ ಎಲ್‌ಎಸ್‌ಇನಿಟ್‌ಆರ್‌ಡಿ ಆದೇಶದಿಂದ ಪರೀಕ್ಷಿಸಿ. ಚಾಲಕ ಕರ್ನಲ್ಲಿನೊಳಗೇ ಬೆಸೆದಿದ್ದರೆ ಅದು ಈ ಪಟ್ಟಿಯಲ್ಲಿ ಕಾಣಬೇಕಾಗಿಲ್ಲ.

5. ಎಫ್‌ಎಸ್‌ಟ್ಯಾಬ್ ಕಡತ ಮತ್ತು ಬೂಟ್ ಲೋಡರಿನ ವಿನ್ಯಾಸವನ್ನು ತೆರೆದು ನೋಡಿ. ಅಲ್ಲಿ 'ಎಸ್‌ಡಿಎ1' ಎಂಬಂಥ ಹೆಸರಿದ್ದರೆ ವರ್ಟ್‌ಐಓ ಡಿಸ್ಕಿನಲ್ಲಿ ಅದು 'ವಿಡಿಎ1' ಆಗಿ, ಹುಡುಕಿದರೂ ಸಿಗುವುದಿಲ್ಲ. ಅದರ ಬದಲು ಯುಯುಐಡಿ ಎಂಬ ಬದಲಾಗದ ಗುರುತು ಸಂಖ್ಯೆಯನ್ನು ಬರೆಯಿರಿ.

6. ಅತಿಥಿಯನ್ನು ನಿಲ್ಲಿಸಿ, ಪುಟ್ಟದೊಂದು ಖಾಲಿ ಡಿಸ್ಕನ್ನು ವರ್ಟ್‌ಐಓ ಬಗೆಯದಾಗಿ ಹೆಚ್ಚುವರಿಯಾಗಿ ಸೇರಿಸಿ, ಮತ್ತೆ ಎಬ್ಬಿಸಿ. 'ವಿಡಿಎ' ಕಾಣಿಸಿಕೊಂಡರೆ ಚಾಲಕ ಕೆಲಸ ಮಾಡುತ್ತಿದೆ ಎಂದು ಖಚಿತವಾಯಿತು. ಈಗ ಮೂಲ ಡಿಸ್ಕನ್ನೂ ವರ್ಟ್‌ಐಓಗೆ ಬದಲಿಸಬಹುದು.

7. ಜಾಲ ಕಾರ್ಡಿನ ಹೆಸರೂ ಬದಲಾಗಿರಬಹುದು. ಹಳೆಯ ಹೆಸರಿಗೆ ಕಟ್ಟಿದ ಐಪಿ ವಿಳಾಸದ ವಿನ್ಯಾಸವನ್ನು ಹೊಸ ಹೆಸರಿಗೆ ಹೊಂದಿಸಿ.

ವಿಂಡೋಸ್ ಅತಿಥಿಗೂ ಇದೇ ಉಪಾಯ ಅನ್ವಯಿಸುತ್ತದೆ. ವಿಂಡೋಸ್ ತನ್ನೊಂದಿಗೆ ವರ್ಟ್‌ಐಓ ಚಾಲಕಗಳನ್ನು ತರುವುದಿಲ್ಲ. ನೇರವಾಗಿ ಡಿಸ್ಕಿನ ಬಗೆ ಬದಲಿಸಿದರೆ ನೀಲಿ ಪರದೆಯ ಮೇಲೆ ಬೂಟ್ ಸಾಧನ ಸಿಗಲಿಲ್ಲ ಎಂಬ ದೋಷ ಬರುತ್ತದೆ. ಮೊದಲು ಚಾಲಕವನ್ನು ಸ್ಥಾಪಿಸಿ, ಪುಟ್ಟ ಡಿಸ್ಕನ್ನು ಸೇರಿಸಿ ಪರೀಕ್ಷಿಸಿ, ಆಮೇಲೆ ಮೂಲ ಡಿಸ್ಕನ್ನು ಬದಲಿಸಬೇಕು.

ತೀರಾ ಹಳೆಯ ಕರ್ನಲ್ಲಿಗೆ ಇನ್ನೊಂದು ತೊಡಕಿದೆ. ವರ್ಟ್‌ಐಓ 1.0 ರೀತಿಯ ಪಿಸಿಐ ಸಾಧನಗಳಿಗೆ ಲಿನಕ್ಸ್ ಬೆಂಬಲ ಬಂದದ್ದು 2015ರ 4.0 ಆವೃತ್ತಿಯಲ್ಲಿ. ಕೆಲವು ವಿತರಣೆಗಳು ತಮ್ಮ ಹಳೆಯ ಆವೃತ್ತಿಗಳಿಗೂ ಅದನ್ನು ಹೊಂದಿಸಿ ಕೊಟ್ಟಿವೆ. ಕ್ಯೂಎಂಯುವಿನ ಕ್ಯೂ35 ಎಂಬ ಹೊಸ ಯಂತ್ರ ಮಾದರಿಯಲ್ಲಿ ಪಿಸಿಐ ಎಕ್ಸ್‌ಪ್ರೆಸ್ ದ್ವಾರಕ್ಕೆ ಜೋಡಿಸಿದ ವರ್ಟ್‌ಐಓ ಸಾಧನಗಳು ಸಾಮಾನ್ಯವಾಗಿ ಹೊಸ ರೀತಿಯವು ಮಾತ್ರ. ಆಗ ಚಾಲಕ ಇದ್ದರೂ ಹಳೆಯ ಕರ್ನಲ್ಲಿಗೆ ಸಾಧನ ಕಾಣುವುದಿಲ್ಲ. ಐ440ಎಫ್‌ಎಕ್ಸ್ ಎಂಬ ಹಳೆಯ ಮಾದರಿಯನ್ನು ಆರಿಸಿದರೆ, ಅಥವಾ ಎರಡೂ ರೀತಿಗಳನ್ನು ಬಲ್ಲ 'ಟ್ರಾನ್ಸಿಷನಲ್' ಸಾಧನವನ್ನು ಕೊಟ್ಟರೆ ಸರಿಹೋಗುತ್ತದೆ.

ಸ್ವಂತ ಕರ್ನಲ್ ಕಟ್ಟುವವರಿಗೆ

ಕರ್ನಲ್ಲನ್ನು ಆಕರದಿಂದ ಕಟ್ಟಿ ಕಲಿಯುವ ವಿದ್ಯಾರ್ಥಿಗಳು 'ಮೇಕ್ ಮೆನುಕಾನ್ಫಿಗ್' ಆದೇಶ ಕೊಟ್ಟು ಆಯ್ಕೆಗಳ ಪಟ್ಟಿಯನ್ನು ನೋಡಬಹುದು. ಸಂಸ್ಕಾರಕಕ್ಕೆ ಸಂಬಂಧಿಸಿದ ವಿಭಾಗದಲ್ಲಿ ಲಿನಕ್ಸ್ ಅತಿಥಿ ಬೆಂಬಲವನ್ನೂ, ಅದರೊಳಗೆ ಕೆವಿಎಂ ಅತಿಥಿ ಬೆಂಬಲವನ್ನೂ ಆರಿಸಬೇಕು. ಸಾಧನ ಚಾಲಕಗಳ ವಿಭಾಗದಲ್ಲಿ ವರ್ಟ್‌ಐಓ-ಪಿಸಿಐ, ಬ್ಲಾಕ್ ಸಾಧನಗಳಲ್ಲಿ ವರ್ಟ್‌ಐಓ-ಬ್ಲಾಕ್, ಜಾಲ ಸಾಧನಗಳಲ್ಲಿ ವರ್ಟ್‌ಐಓ-ನೆಟ್ ಆಯ್ಕೆಗಳಿವೆ. ಬುತ್ತಿ ಇಲ್ಲದೆಯೇ ಏಳುವ ಕರ್ನಲ್ ಬೇಕಾದರೆ ಇವೆಲ್ಲವನ್ನೂ, ಜೊತೆಗೆ ಮೂಲ ಡಿಸ್ಕಿನ ಕಡತ ವ್ಯವಸ್ಥೆಯನ್ನೂ (ಉದಾಹರಣೆಗೆ ಎಕ್ಸ್ಟ್4) 'ವೈ' ಎಂದೇ ಕೊಡಬೇಕು. 'ಮೇಕ್ ಕೆವಿಎಂ_ಗೆಸ್ಟ್.ಕಾನ್ಫಿಗ್' ಎಂಬ ಆದೇಶ ಕೆವಿಎಂ ಅತಿಥಿಗೆ ಬೇಕಾದ ಮುಖ್ಯ ಆಯ್ಕೆಗಳನ್ನು ಒಮ್ಮೆಗೇ ಸೇರಿಸಿಕೊಡುತ್ತದೆ.

ಗಡಿಯಾರ, ಬಲೂನು, ಯಾದೃಚ್ಛಿಕ ಸಂಖ್ಯೆ

ಡಿಸ್ಕ್ ಮತ್ತು ಜಾಲ ಅಲ್ಲದೆ ಇನ್ನೂ ಕೆಲವು ಚಾಲಕಗಳು ಗಮನಾರ್ಹ. ನಿಜವಾದ ಯಂತ್ರದಲ್ಲಿ ಸಂಸ್ಕಾರಕ ಸದಾ ಕರ್ನಲ್ಲಿನ ವಶದಲ್ಲಿರುತ್ತದೆ. ವರ್ಚುಯಲ್ ಯಂತ್ರವನ್ನಾದರೋ ಹೈಪರ್‌ವೈಸರ್ ನಡುನಡುವೆ ನಿಲ್ಲಿಸಿ ಬೇರೆಯವರಿಗೆ ಸರದಿ ಕೊಡುತ್ತದೆ. ಗಡಿಯಾರದ ಟಿಕ್‌ಗಳನ್ನು ಎಣಿಸಿ ಸಮಯ ಹೇಳುವ ಕರ್ನಲ್ ಆ ವೇಳೆಯ ಟಿಕ್‌ಗಳನ್ನು ತಪ್ಪಿಸಿಕೊಂಡು ಹಿಂದೆ ಬೀಳಬಹುದು. ಕೆವಿಎಂ-ಕ್ಲಾಕ್ ಎಂಬ ಸೌಲಭ್ಯದಲ್ಲಿ ಹೈಪರ್‌ವೈಸರ್ ಸರಿಯಾದ ಸಮಯವನ್ನು ಲೆಕ್ಕ ಹಾಕಲು ಬೇಕಾದ ಅಂಶಗಳನ್ನು ಹಂಚಿಕೊಂಡ ಸ್ಮೃತಿಯಲ್ಲಿ ಬರೆದಿಡುತ್ತದೆ.

ಬಲೂನು ಚಾಲಕ ಇನ್ನೊಂದು ಜಾಣ ಉಪಾಯ. ವಿಎಂವೇರ್‌ನ ಕಾರ್ಲ್ ವಾಲ್ಡ್‌ಸ್ಪರ್ಗರ್ ಇದನ್ನು 2002ರ ಪ್ರಬಂಧವೊಂದರಲ್ಲಿ ವಿವರಿಸಿದರು. ಆತಿಥೇಯಕ್ಕೆ ಸ್ಮೃತಿ ಸಾಲದಾದಾಗ ಅತಿಥಿಯೊಳಗಿನ ಬಲೂನು ಚಾಲಕ 'ಉಬ್ಬುತ್ತದೆ'. ಎಂದರೆ ತನ್ನ ಕರ್ನಲ್ಲಿನಿಂದಲೇ ಸ್ಮೃತಿಯನ್ನು ಕೇಳಿ ಪಡೆದು, ಬಳಸದೆ, ಹೈಪರ್‌ವೈಸರಿಗೆ ಮರಳಿಸುತ್ತದೆ. ಯಾವ ಪುಟ ಬೇಕು, ಯಾವುದು ಬೇಡ ಎಂದು ಆರಿಸುವುದು ಅತಿಥಿ ಕರ್ನಲ್ಲೇ ಆದ್ದರಿಂದ ಆಯ್ಕೆ ತಪ್ಪುವುದಿಲ್ಲ.

ಮೂರನೆಯದು ವರ್ಟ್‌ಐಓ-ಆರ್‌ಎನ್‌ಜಿ. ಗೂಢಲಿಪಿಯ ಕೀಲಿಗಳಿಗೆ ಊಹಿಸಲಾಗದ ಯಾದೃಚ್ಛಿಕ ಸಂಖ್ಯೆಗಳು ಬೇಕು. ಕೀಲಿಮಣೆ, ಮೌಸ್ ಮುಂತಾದವುಗಳ ಅನಿಯಮಿತ ಚಲನೆಗಳಿಂದ ನಿಜವಾದ ಯಂತ್ರ ಅವನ್ನು ಸಂಗ್ರಹಿಸಬಲ್ಲದು. ಅವು ಯಾವುವೂ ಇಲ್ಲದ ಅತಿಥಿಗೆ ಈ ಚಾಲಕ ಆತಿಥೇಯದ ಸಂಗ್ರಹದಿಂದ ಒದಗಿಸುತ್ತದೆ.

ತರಗತಿಗೊಂದು ಪ್ರಯೋಗ

ಕೆವಿಎಂ ನಡೆಯಲು ಆತಿಥೇಯದ ಸಂಸ್ಕಾರಕದಲ್ಲಿ ಸೌಲಭ್ಯ ಇರಬೇಕು. 'ಪ್ರಾಕ್' ಕೋಶದ ಸಿಪಿಯುಇನ್ಫೋ ಕಡತದಲ್ಲಿ ಇಂಟೆಲ್ ಆದರೆ 'ವಿಎಂಎಕ್ಸ್', ಎಎಂಡಿ ಆದರೆ 'ಎಸ್‌ವಿಎಂ' ಎಂಬ ಪದವನ್ನು ಹುಡುಕಿ. ಪದ ಇದ್ದರೂ ಕೆವಿಎಂ ಚಾಲಕ ಸೇರಿಕೊಳ್ಳದಿದ್ದರೆ ಬಯೋಸ್ ವಿನ್ಯಾಸದಲ್ಲಿ ಈ ಸೌಲಭ್ಯವನ್ನು ಮುಚ್ಚಿರುವ ಸಂಭವವಿದೆ.

ಅತಿಥಿಯೊಳಗೆ ಎಲ್‌ಎಸ್‌ಪಿಸಿಐ ಆದೇಶವನ್ನು ಸಂಖ್ಯೆಗಳು ಕಾಣುವ ಆಯ್ಕೆಯೊಂದಿಗೆ ಕೊಡಿ. ವರ್ಟ್‌ಐಓ ಸಾಧನಗಳ ತಯಾರಕರ ಸಂಖ್ಯೆ ಹದಿನಾರರ ಪದ್ಧತಿಯಲ್ಲಿ '1ಎಎಫ್4' ಎಂದಿರುವುದನ್ನು ವಿದ್ಯಾರ್ಥಿಗಳಿಗೆ ತೋರಿಸಿ. ಇದನ್ನು ದಶಮಾನಕ್ಕೆ ಪರಿವರ್ತಿಸಲು ಹೇಳಿ. ಉತ್ತರ 6900 ಬರಬೇಕು.

ಈಗ ಅಳತೆ. ಅತಿಥಿಗೆ ಮೊದಲು ರಿಯಲ್‌ಟೆಕ್ 8139, ಆಮೇಲೆ ಇ1000, ಕೊನೆಗೆ ವರ್ಟ್‌ಐಓ-ನೆಟ್ ಕಾರ್ಡನ್ನು ಕೊಟ್ಟು, ಪ್ರತಿ ಸಲವೂ ಐಪರ್ಫ್ ತಂತ್ರಾಂಶದಿಂದ ಅತಿಥಿ ಮತ್ತು ಆತಿಥೇಯದ ನಡುವಿನ ವೇಗವನ್ನು ಅಳೆಯಿರಿ. ಅದೇ ವೇಳೆ ಆತಿಥೇಯದ ಸಂಸ್ಕಾರಕ ಎಷ್ಟು ಶೇಕಡಾ ದುಡಿಯುತ್ತಿದೆ ಎಂಬುದನ್ನೂ ಬರೆದುಕೊಳ್ಳಿ. ಸ್ಮೃತಿ, ಸಂಸ್ಕಾರಕಗಳ ಸಂಖ್ಯೆ, ಅಳತೆಯ ಅವಧಿ ಇವು ಬದಲಾಗದಿರಲಿ. ಕಾರ್ಡಿನ ಬಗೆ ಮಾತ್ರ ಬದಲಾಗಲಿ. ಪ್ರತಿ ಅಳತೆಯನ್ನು ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಕಾರ್ಡಿನ ಹೆಸರಿನಲ್ಲಿರುವ ವೇಗಕ್ಕೂ ಅಳತೆಗೆ ಸಿಕ್ಕ ವೇಗಕ್ಕೂ ಇರುವ ಸಂಬಂಧವೇನು ಎಂದು ಚರ್ಚಿಸಿ. ಇಲ್ಲದ ತಂತಿಯಲ್ಲಿ ಹರಿಯುವ ದತ್ತಾಂಶಕ್ಕೆ ಮಿತಿ ಹಾಕುವವರು ಯಾರು ಎಂಬ ಪ್ರಶ್ನೆಗೆ ವಿದ್ಯಾರ್ಥಿಗಳೇ ಉತ್ತರ ಹುಡುಕಲಿ.

ಇದೇ ಅತಿಥಿಯಲ್ಲಿ ಇನ್ನೊಂದು ಪಾಠವನ್ನೂ ಮಾಡಬಹುದು. ನಕಲು ಡಿಸ್ಕಿನ ಬುತ್ತಿಯಿಂದ ವರ್ಟ್‌ಐಓ ಚಾಲಕಗಳನ್ನು ಬೇಕೆಂದೇ ತೆಗೆದು ಎಬ್ಬಿಸಿ, ದೋಷದ ಸಂದೇಶ ಬರಲಿ. ಮೇಲೆ ಹೇಳಿದ ಕ್ರಮದಲ್ಲಿ ವಿದ್ಯಾರ್ಥಿಗಳು ಅದನ್ನು ಸರಿಪಡಿಸಲಿ. ಕಳೆದುಕೊಳ್ಳುವಂಥದ್ದು ಏನೂ ಇಲ್ಲದ ಯಂತ್ರದಲ್ಲಿ ಒಮ್ಮೆ ಈ ಅಭ್ಯಾಸವಾದರೆ, ಮುಂದೆ ನಿಜವಾದ ಅಂಕಪಟ್ಟಿಗಳಿರುವ ಡಿಸ್ಕ್ ಏಳದೆ ನಿಂತ ದಿನ ಅವರ ಕೈ ಅಳಿಸುವ ಗುಂಡಿಯ ಕಡೆಗೆ ಹೋಗುವುದಿಲ್ಲ. ಚಾಲಕ ಇದೆಯೇ ಎಂದು ಮೊದಲು ನೋಡುತ್ತಾರೆ.